ಓಡಿಹೋಗಲಾಗದವರ ಭಾವಚಿತ್ರಗಳು

ಬೀದಿಯವರು ಅವನನ್ನು ಕರೆಯುತ್ತಿದ್ದುದು ಆಯ್ತಣ್ಣ ಎಂದೇ. ಅಣ್ಣನ ಫೋನು ಬಂದರೆ ಅವನು ಎದ್ದು ನಿಂತು ಕೊಡುತ್ತಿದ್ದ ಉತ್ತರ ಅದೊಂದೇ, ಮತ್ತು ಅದು ಕಾಂಪೌಂಡಿನಾಚೆಗೂ ಕೇಳುತ್ತಿತ್ತು. ನೀರು ಸರಬರಾಜು ಕಚೇರಿಯ ಕೌಂಟರಿನಲ್ಲಿ, ಗಾಜಿನ ಹಿಂದೆ ಕೂತಾಗ ಮಾತ್ರ ಆತ ಬೇರೆ ಮನುಷ್ಯ. "ಸಾಹೇಬ್ರಿಲ್ಲ, ನಾಳೆ ಬನ್ನಿ" ಎಂದು ಮುದುಕಿಯರನ್ನೂ ಗದರಿಸಬಲ್ಲ. ಗಾಜಿಲ್ಲದ ಕಡೆ ಅವನ ಪೌರುಷ ಒಲೆಯ ಮುಂದೆ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಒಲೆಯ ಮುಂದೆ ಹೆಂಡತಿ ನಿಂತಿದ್ದರೆ ಅಷ್ಟೂ ಇಲ್ಲ.

ಹೆಂಡತಿ ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕಿಕೊಂಡಿದ್ದಳು. ಎರಡು ಮಷೀನು, ಬಟ್ಟೆ ಕತ್ತರಿಸುವ ಮೇಜು, ಪರದೆ ಕಟ್ಟಿದ ಒಂದು ಮೂಲೆ. ಶಾಲೆಯ ಯೂನಿಫಾರಂ, ಕೆಟ್ಟ ಜಿಪ್ಪು, ಉಂಡು ಬೆಳೆದವರ ಪ್ಯಾಂಟು ಬಿಚ್ಚಿ ಹಿಗ್ಗಿಸುವುದು, ಎಲ್ಲವೂ ಬೆಳಕು ಬೇಡುವ ಕೆಲಸ. ಆ ಮನೆಯಲ್ಲಿ ಬೆಳಕು ಬೀಳುವ ಕೋಣೆ ಅದೊಂದೇ.

ಅಣ್ಣನ ಕಣ್ಣೂ ಅಲ್ಲೇ ಬಿತ್ತು. ಅಣ್ಣನದು ಬಚ್ಚಲುಮನೆಯ ಟೈಲ್ಸ್ ವ್ಯಾಪಾರ. ಅಪ್ಪ ಬಿಟ್ಟುಹೋದ ಮನೆಯಲ್ಲಿ ಮಹಡಿ ಅವನ ಪಾಲು, ಅದನ್ನು ಬಾಡಿಗೆಗೆ ಕೊಟ್ಟಿದ್ದ. ಕೆಳಗಿನದು ತಮ್ಮನದು. ಆದರೆ ತಮ್ಮನ ಪಾಲು ಎಂಬುದು ಅಣ್ಣ ಕೇಳುವವರೆಗೆ ಮಾತ್ರ ತಮ್ಮನದು.

"ಮುಂದಿನ ರೂಮು ಖಾಲಿ ಮಾಡಿಡೋ. ಮಾಲು ಇಡಬೇಕು. ತಿಂಗಳ ಕೊನೇ ಭಾನುವಾರ ಬಂದು ಅಳತೆ ತಗೋತೀನಿ."

ಉತ್ತರ ಬೀದಿಗೆಲ್ಲ ಕೇಳಿಸಿತು.

ಹೆಂಡತಿ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. "ನಾನೆಲ್ಲಿ ಹೊಲೀಲಿ? ಬಚ್ಚಲಲ್ಲಾ?"

"ಅಣ್ಣ ಕೇಳಿದ್ಮೇಲೆ ಏನನ್ನಲಿ?"

"ಆಗಲ್ಲ ಅನ್ನಿ. ಮೂರಕ್ಷರ. ಆ ಮಾತು ನಾನಾಡಿದ್ರೆ ಹೆಂಡ್ತಿ ಕೈಗೊಂಬೆ ಅಂತ ನಿಮ್ಮನ್ನೇ ಆಡ್ಕೋತಾರೆ. ಅದಕ್ಕೇ ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದೀನಿ. ಈ ಸಲ ನೀವೇ ಅನ್ಬೇಕು ರೀ."

ಆ ಮೂರಕ್ಷರ ಕಲಿಯಲು ಅವನು ಕ್ಲಾಸಿಗೆ ಸೇರಿದ. ಈಜಬೇಕೆಂದರೆ ಮೊದಲು ಟವೆಲು ಕೊಳ್ಳುವ ಕುಲ ಇದು.

ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ ಒಬ್ಬ ಮೇಷ್ಟ್ರು ಆತ್ಮವಿಶ್ವಾಸ ಕಲಿಸುತ್ತಿದ್ದರು. ಶಿಷ್ಯರು ಬೆರಳೆಣಿಕೆಯಷ್ಟು, ಆದರೂ ಮೇಷ್ಟ್ರ ಕೊರಳಪಟ್ಟಿಗೆ ಸಿಕ್ಕಿಸಿದ ಮೈಕು. ಅವರ ಮದ್ದು ಇದು: ಕ್ಯಾಮೆರಾ ಹಿಡಿದು ಬೀದಿಗಿಳಿಯಿರಿ, ಗುರುತಿಲ್ಲದವರ ಮುಖ ತೆಗೆಯಿರಿ. ಮೊದಲು ಹೊಗಳಿಕೆ, ಆಮೇಲೆ ಕ್ಲಿಕ್ಕು, ಆಮೇಲೆ ಥ್ಯಾಂಕ್ಸ್, ಕೊನೆಗೆ ತಿರುಗಿ ನೋಡದ ನಡಿಗೆ. "ನಿಂತ್ರೆ ಮಾತು ಬೆಳೆಯುತ್ತೆ! ಮಾತು ಬೆಳೆದ್ರೆ ಭಯ ಬೆಳೆಯುತ್ತೆ!" ಎಂದು ಮೈಕು ಕಿರುಚಿತು. ಶಿಷ್ಯರು ತಲೆದೂಗಿದರು. ಬಾಯಿ ತೆರೆಯಲು ಬಂದವರಿಗೆ ಕಾಲಿಗೆ ಬುದ್ಧಿ ಹೇಳುವುದನ್ನು ಕಲಿಸುತ್ತಿದ್ದಾರೆಂದು ಒಬ್ಬರಿಗೂ ಹೊಳೆಯಲಿಲ್ಲ.

ಸಹೋದ್ಯೋಗಿಯೊಬ್ಬನಿಂದ ಕ್ಯಾಮೆರಾ ಎರವಲು ತಂದು ಮೊದಲ ದಿನ ಮಾರುಕಟ್ಟೆಯನ್ನು ಸುಮ್ಮನೆ ಸುತ್ತಿದ. ಎದುರಿಗೆ ಬಂದವರೆಲ್ಲ ಎಲ್ಲಿಗೋ ಹೊರಟಿದ್ದರು, ಕೈಕಾಲು ಗಟ್ಟಿಯಿದ್ದವರು, ಬೇಡ ಎನ್ನಬಲ್ಲವರಾಗಿದ್ದರು. ಎರಡನೇ ದಿನ ಉಪಾಯ ಹೊಳೆಯಿತು. ಅಂದಿನಿಂದ ಸರಾಗ. ಸಂಜೆ ಮನೆಗೆ ಬಂದರೆ ಎದೆ ಉಬ್ಬಿರುತ್ತಿತ್ತು, ಅಂಗಿಯ ಗುಂಡಿಗಳಿಗೆ ಅಪಾಯವಾಗುವಷ್ಟು.

"ನೋಡಿಲ್ಲಿ," ಎಂದು ಹೆಂಡತಿಗೆ ಕ್ಯಾಮೆರಾ ಹಿಡಿದ. ಗೇಟು ಬಿಟ್ಟು ಕದಲುವಂತಿಲ್ಲದ ಬ್ಯಾಂಕಿನ ಕಾವಲುಗಾರ. ಅರ್ಧ ಗಡ್ಡ ಹೆರೆಸಿಕೊಂಡು ಕತ್ತಿಯ ಕೆಳಗೆ ಕೂತ ಗಿರಾಕಿ. ತಲೆಯ ಮೇಲೆ ಮೂಟೆ ಹೊತ್ತ ಹಮಾಲಿ. ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಒರಗಿದ ಅಜ್ಜ. ಪೆಟ್ರೋಲಿನ ಪೈಪು ಹಿಡಿದಿದ್ದ ಹೆಂಗಸು.

ಅವಳು ಒಂದೊಂದನ್ನೂ ನಿಧಾನವಾಗಿ ನೋಡಿದಳು. "ಚೆನ್ನಾಗಿದೆ. ಎದ್ದು ಓಡೋಕಾಗದವ್ರನ್ನೇ ಹೆಕ್ಕಿ ಹೆಕ್ಕಿ ತೆಗೆದಿದ್ದೀರಿ."

"ಕಲೆ ಅಂದ್ರೆ ನಿಂಗೇನು ಗೊತ್ತು?"

"ಹೂಂ, ನಂಗೆಲ್ಲಿ ಗೊತ್ತು. ಹೆಣದ ಮನೆ ಒಂದು ಬಾಕಿ ಇದೆ, ನಾಳೆ ಅಲ್ಲಿಗೆ ಹೋಗ್ಬನ್ನಿ."

ಕ್ಲಾಸಿನಲ್ಲಿ ಮಾತ್ರ ಆ ಮುಖಗಳಿಗೆ ಚಪ್ಪಾಳೆ ಬಿತ್ತು. ಮೇಷ್ಟ್ರು ಅವನ ಭುಜ ಹಿಡಿದು ಎಲ್ಲರ ಕಡೆ ತಿರುಗಿಸಿ, "ಬಂದಾಗ ಇಲಿ ಥರ ಇದ್ರು. ಈಗ ನೋಡಿ, ಸಿಂಹ!" ಎಂದರು. ಸಿಂಹ ಬೆವರೊರೆಸಿಕೊಂಡಿತು.

ಭಾನುವಾರ ಅಣ್ಣ ಬಂದ. ಚಪ್ಪಲಿ ಬಿಡದೆ ಸೀದಾ ಮುಂದಿನ ಕೋಣೆಗೇ ನುಗ್ಗಿ ಸೊಂಟದಿಂದ ಉಕ್ಕಿನ ಟೇಪು ತೆಗೆದ. "ಏನೋ ಇದು, ಇನ್ನೂ ಖಾಲಿನೇ ಮಾಡಿಲ್ಲ?"

ಹೆಂಡತಿ ಮಷೀನು ನಿಲ್ಲಿಸಿ ಗಂಡನ ಮುಖ ನೋಡಿದಳು. ಗಂಡ ಕೆಮ್ಮಿದ. ಒಂದು ಹೆಜ್ಜೆ ಮುಂದೆ ಬಂದ. ತುಟಿ ಅಲುಗಿತು. ಆ ಕ್ಷಣದಲ್ಲಿ ಅವನು ನಿಜಕ್ಕೂ ಆ ಮಾತು ಆಡುವುದರಲ್ಲಿದ್ದ ಎಂದೇ ಇಟ್ಟುಕೊಳ್ಳೋಣ. ನಂಬಿದರೆ ನಮ್ಮ ಗಂಟೇನೂ ಹೋಗುವುದಿಲ್ಲ. ಆದರೆ ತಿಂಗಳಿಡೀ ಬಾಯಿಗೆ ಮಾಡಿಸಿದ ಅಭ್ಯಾಸವೇ ಬೇರೆ.

"ಅಣ್ಣ, ನಿನ್ನ ಮುಖದಲ್ಲಿ ಒಂದು ಗಾಂಭೀರ್ಯ ಇದೆ," ಎಂದ.

ಅಣ್ಣ ಬೆಪ್ಪಾದ. ಆಮೇಲೆ ಕೈ ತಾನಾಗಿ ಮೀಸೆಗೆ ಹೋಯಿತು. ಹೊಟ್ಟೆ ಒಳಕ್ಕೆಳೆದು ಕಿಟಕಿಯ ಬೆಳಕಿಗೆ ತಿರುಗಿದ. ತಮ್ಮನ ಕೊರಳಲ್ಲಿದ್ದ ಕ್ಯಾಮೆರಾ ಕ್ಲಿಕ್ಕೆಂದಿತು.

"ಥ್ಯಾಂಕ್ಸ್ ಅಣ್ಣ."

ಹೀಗೆಂದವನೇ ತಿರುಗಿ, ಹೊಸಿಲು ದಾಟಿ, ಗೇಟು ತೆಗೆದು, ಬೀದಿಗಿಳಿದು ನಡೆದೇಬಿಟ್ಟ. ತಿರುಗಿ ನೋಡಲಿಲ್ಲ. ಮೇಷ್ಟ್ರು ನೋಡಿದ್ದರೆ ಕಣ್ಣೀರು ಹಾಕುತ್ತಿದ್ದರು.

"ಎಲ್ಲಿಗೆ ಹೋದ ಇವನು?"

"ಗೊತ್ತಿಲ್ಲ ಭಾವ. ಹಾಗೇ ಹೋಗ್ಬೇಕಂತೆ."

"ಹೋಗ್ಲಿ ಬಿಡು. ಈ ತುದಿ ಹಿಡ್ಕೋಮ್ಮ," ಎಂದು ಟೇಪಿನ ತುದಿಯನ್ನು ಅವಳ ಕೈಗಿಟ್ಟು ಅಣ್ಣ ಆಚೆ ಗೋಡೆಯವರೆಗೆ ಹಿಮ್ಮೆಟ್ಟಿದ. ಅವಳು ಒಂದು ಗಳಿಗೆ ತೆರೆದಿದ್ದ ಗೇಟಿನ ಕಡೆ ನೋಡಿದಳು. ಬೀದಿ ಖಾಲಿ.

"ಆಗಲ್ಲ ಭಾವ," ಎಂದು ತುದಿ ಬಿಟ್ಟಳು.

ಟೇಪು ಸೊರ್ರೆಂದು ಓಡಿ ಅಣ್ಣನ ಹೆಬ್ಬೆರಳಿಗೆ ಬಡಿಯಿತು.

"ಅವನು ಹೂಂ ಅಂದಿದ್ನಲ್ಲಮ್ಮ!" ಎಂದ ಅಣ್ಣ, ಬೆರಳು ಚೀಪುತ್ತ.

"ಅವರು ಎಲ್ಲದಕ್ಕೂ ಅಂತಾರೆ. ಅದಕ್ಕೇ ಅಲ್ವಾ ನೀವು ಅವರನ್ನೇ ಕೇಳೋದು? ಈ ರೂಮಲ್ಲಿ ಕೆಲಸ ಮಾಡೋಳು ನಾನು. ಕೊಡಲ್ಲ. ಕೂತ್ಕೊಳ್ಳಿ, ಬೆರಳಿಗೆ ತಣ್ಣೀರು ತರ್ತೀನಿ."

ಅಣ್ಣ ಕೂರಲಿಲ್ಲ. ಜಗಳವಾಡಿದರೆ ಗೆಲ್ಲಬಹುದಿತ್ತೇನೋ, ಆದರೆ ಆ ಮನೆಯಲ್ಲಿ ಜಗಳವಾಡಿ ಅವನಿಗೆ ರೂಢಿಯೇ ಇರಲಿಲ್ಲ. ಇಷ್ಟು ವರ್ಷ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಗೇಟಿನ ಹತ್ತಿರ ನಿಂತು ಮಾತ್ರ, "ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆ ರೂಮಲ್ಲೇ ಹಾಕ್ಬೇಕು ಅಂತ ಹೇಳು. ಬರೋರಿಗೆ ಮನೆ ಯಾರದು ಅಂತ ಗೊತ್ತಾಗ್ಲಿ," ಎಂದ.

ಗಂಡ ಕತ್ತಲಾದ ಮೇಲೆ ಬಂದ. "ಅಣ್ಣ ಏನಂದ?"

"ರೂಮು ಉಳೀತು."

ಅವನ ಮುಖ ಅರಳಿತು. "ನೋಡಿದ್ಯಾ! ಫೋಟೋ ತೆಗೆದು ಮೆತ್ತಗೆ ಮಾಡಿದ್ದು ಯಾರು?"

ಅವಳು ಎಷ್ಟೋ ವರ್ಷ ಈ ಮನುಷ್ಯನ ಮರ್ಯಾದೆ ಕಾಯಲೆಂದು ಹೊಲಿದುಕೊಂಡಿದ್ದ ಬಾಯಿಯನ್ನು ಇನ್ನು ಹೊಲಿಯುವುದಿಲ್ಲವೆಂದು ತೀರ್ಮಾನಿಸಿ, ದೀಪ ಹಾಕಿ ಮಷೀನು ತುಳಿಯತೊಡಗಿದಳು.

ಮುಂದಿನ ಶನಿವಾರ ಆಯ್ತಣ್ಣ ಕ್ಲಾಸಿನ ಮೈಕು ಸಿಕ್ಕಿಸಿಕೊಂಡು, ಅಣ್ಣನನ್ನು ತಾನು ಎದುರಿಸಿದ ಬಗೆಯನ್ನು ವಿವರಿಸಿದ. ಬರುವಾಗ ಕಟ್ಟು ಹಾಕಿಸಿದ ಅಣ್ಣನ ಫೋಟೋ ತಂದ. ಅದರಲ್ಲಿ ಅಣ್ಣನ ಮುಖವೇ ಬಾಗಿಲಿನಷ್ಟು ದೊಡ್ಡದಿತ್ತು. ಅವಳು ಮೊಳೆ ಹೊಡೆದು ಮೇಜಿನ ಮೇಲ್ಗಡೆ ನೇತುಹಾಕಿದಳು. ಮುಖ ಗೋಡೆಗೆ, ಹಿಂಬದಿಯ ರಟ್ಟು ಈಚೆಗೆ.

"ಏ, ತಿರುಗುಮುರುಗಾಯ್ತು! ಅಣ್ಣ ಬಂದು ಕೇಳಿದ್ರೆ?"

"ನನ್ನ ಕೇಳೋಕೆ ಹೇಳಿ," ಎಂದು ಅವಳು ಆ ರಟ್ಟಿಗೆ ಗುಂಡುಸೂಜಿ ಚುಚ್ಚಿ, ಅರ್ಧ ಹೊಲಿದ ಅಂಗಿಯ ಎರಡೂ ತೋಳುಗಳನ್ನು ತೂಗುಬಿಟ್ಟಳು.