ಲೋಟದ ಮೂಲೆ

ದೊಡ್ಡಮ್ಮನ ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ ಒಂದು ಪುಟ್ಟ ಹಿತ್ತಾಳೆ ಲೋಟ ಇರುತ್ತಿತ್ತು. ಅದರಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಶನಿವಾರ ಸಂಜೆ ಮನೆಯ ಹಿತ್ತಾಳೆ ಸಾಮಾನುಗಳನ್ನೆಲ್ಲ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕುವಾಗ ದೊಡ್ಡಮ್ಮ ಅದನ್ನೂ ತಿಕ್ಕಿ, ಸೆರಗಿನಲ್ಲಿ ಒರೆಸಿ, ಮತ್ತೆ ಅಲ್ಲಿಯೇ ಇಡುತ್ತಿದ್ದಳು. ಒಮ್ಮೆ ಆಟ ಆಡಿ ಬಾಯಾರಿ ಬಂದವಳು ಅದಕ್ಕೆ ಕೈ ಹಾಕಿದ್ದೆ. ಕೈಯ ಮೇಲೆ ರಪ್ಪೆಂದು ಪೆಟ್ಟು ಬಿತ್ತು. ಹೊಡೆಯುವ ಹೆಂಗಸಲ್ಲ ಅವಳು. ಹೊಡೆದ ಮೇಲೆ ಅವಳೇ ಬೇರೆ ಲೋಟದಲ್ಲಿ ನೀರು ಕೊಟ್ಟು, ತಲೆ ಸವರಿ, ಒಲೆಯ ಕಡೆ ಹೋದಳು.

ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವಳ ಅಕ್ಕ, ಈ ಪ್ರಿಸ್ಕಿಲ್ಲ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಪ್ಪ ನಥಾನಿಯೇಲರು ನಮ್ಮ ಚರ್ಚಿನ ಸಭಾ ಹಿರಿಯರು. ಊರಿನಲ್ಲಿ ಅವರಿಗೆ ಬಹಳ ಮರ್ಯಾದೆ. ಅವರು ಊಟದ ಮುಂಚೆ ಪ್ರಾರ್ಥನೆಗೆ ನಿಂತರೆ ಎದುರಿಗಿದ್ದ ಗಂಜಿ ಆರಿ ಕೆನೆ ಕಟ್ಟುತ್ತಿತ್ತು. ನಾವಿಬ್ಬರೂ ಕಣ್ಣು ಮುಚ್ಚಿ ಕಾಯುತ್ತಿದ್ದೆವು.

ಸಂಡೇ ಸ್ಕೂಲಿನಲ್ಲಿ ಒಂದು ದಿನ ಲೋಟನ ಹೆಂಡತಿಯ ಕತೆ ಹೇಳಿದರು. ಸೊದೋಮ್ ಎಂಬ ಪಟ್ಟಣ ಬೆಂಕಿಯಲ್ಲಿ ಸುಟ್ಟುಹೋಗುವುದಿತ್ತು. ದೇವದೂತರು ಲೋಟ ಎಂಬವನನ್ನೂ ಅವನ ಸಂಸಾರವನ್ನೂ ಕೈಹಿಡಿದು ಹೊರಗೆ ತಂದು, ಓಡಿರಿ, ಹಿಂದಕ್ಕೆ ಮಾತ್ರ ನೋಡಬೇಡಿರಿ ಎಂದರು. ಅವನ ಹೆಂಡತಿ ನೋಡಿದಳು. ನಿಂತಲ್ಲಿಯೇ ಉಪ್ಪಿನ ಕಂಬವಾದಳು. ಕತೆ ಇಷ್ಟೇ. ನನಗೋ, ಮೊದಲ ಶಬ್ದದಲ್ಲಿಯೇ ತಲೆ ನಿಂತುಹೋಗಿತ್ತು. ಮನೆಗೆ ಬಂದವಳೇ ಕೇಳಿದೆ.

"ದೊಡ್ಡಮ್ಮಾ, ಲೋಟಕ್ಕೆ ಹೆಂಡತಿ ಉಂಟಾ?"

"ಉಂಟು ಮಾರಾಯ್ತಿ, ಚೆಂಬು!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅರೆಯುವ ಕಲ್ಲಿನ ಪಕ್ಕದಲ್ಲಿ ಕುಳಿತೇ ಬಿಟ್ಟಳು. ಅಲ್ಲ ಅಲ್ಲ ಎಂದು ನಾನು ಕತೆಯನ್ನು ಒಪ್ಪಿಸಿದೆ. ಉಪ್ಪಿನ ಕಂಬದ ಹತ್ತಿರ ಬರುವಾಗ ಅವಳ ನಗು ನಿಂತಿತ್ತು.

"ಅವಳ ಹೆಸರು ಎಂತ ಹೇಳಿದರು?"

"ಹೆಸರು ಹೇಳಲಿಲ್ಲ."

"ಹೇಳುವುದಿಲ್ಲ. ಇಟ್ಟವರು ಯಾರು, ಹೇಳಲಿಕ್ಕೆ?" ಎಂದು ಅವಳು ಎದ್ದು ಕಿಟಕಿಯ ಕಡೆ ತಿರುಗಿದಳು. ನನಗೆ ಆಗ ಏನೂ ಅರ್ಥವಾಗಲಿಲ್ಲ.

ನಮ್ಮ ಚರ್ಚಿನ ಹಿಂದೆ ಸ್ಮಶಾನ. ಅದರ ತುದಿಯಲ್ಲಿ, ಪಾಗಾರದ ಗೋಡೆಗೆ ತಾಗಿ, ಒಂದು ತುಂಡು ನೆಲ. ದೀಕ್ಷಾಸ್ನಾನ ಆಗುವ ಮೊದಲೇ ಸತ್ತ ಶಿಶುಗಳನ್ನು ಅಲ್ಲಿ ಹೂಳುತ್ತಿದ್ದರು. ಗಂಟೆ ಹೊಡೆಯುತ್ತಿರಲಿಲ್ಲ, ಶಿಲುಬೆ ನೆಡುತ್ತಿರಲಿಲ್ಲ. ನಮ್ಮಲ್ಲಿ ಮಗುವಿಗೆ ಹೆಸರಿಡುವುದೇ ದೀಕ್ಷಾಸ್ನಾನದಲ್ಲಿ. ಹೆಸರೇ ಇಲ್ಲದ್ದಕ್ಕೆ ಕಲ್ಲಿನ ಮೇಲೆ ಎಂತ ಬರೆಯುವುದು ಎನ್ನುವುದು ನಮ್ಮ ಹಿರಿಯರ ವಾದ. ಎಂಥ ವಾದ ನೋಡಿ! ಒಂಬತ್ತು ತಿಂಗಳು ಹೊತ್ತವಳನ್ನು ಯಾರಾದರೂ ಕೇಳಿದ್ದರಾ? ಈಸ್ಟರಿನ ಬೆಳಿಗ್ಗೆ ಊರಿನವರೆಲ್ಲ ತಮ್ಮ ತಮ್ಮ ಸಮಾಧಿಗೆ ಹೂ ಇಡುವಾಗ ದೊಡ್ಡಮ್ಮ ತನ್ನ ಅಪ್ಪ ಅಮ್ಮನ ಕಲ್ಲಿಗೆ ಇಟ್ಟು, ಬುಟ್ಟಿಯಲ್ಲಿ ಉಳಿದದ್ದನ್ನು ಕೊಡವಿ ಬಿಸಾಡುವವಳ ಹಾಗೆ ಆ ಮೂಲೆಗೆ ಚೆಲ್ಲಿ ಬರುತ್ತಿದ್ದಳು. ಅವಳಿಗೊಂದು ಹೆಣ್ಣುಮಗು ಹುಟ್ಟಿ ಸತ್ತಿತ್ತು ಎನ್ನುವುದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ಅದೂ ನೆರೆಮನೆಯವರ ಬಾಯಿಂದ. ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. ದೊಡ್ಡಪ್ಪನ ಅಪ್ಪಣೆ.

ನಾನು ಚರ್ಚಿನ ಶಾಲೆಯಲ್ಲಿ ಟೀಚರ್ ಆಗಿ ಸೇರಿದ ವರ್ಷ ಸಭಾಭವನ ಕಟ್ಟುವ ಮಾತು ಬಂತು. ಮದುವೆ ಊಟಕ್ಕೆ, ಕೂಟಗಳಿಗೆ ಒಂದು ಭವನ ಬೇಕೆನ್ನುವುದು ಎಲ್ಲರ ಆಸೆ. ಕಟ್ಟಡ ಸಮಿತಿಗೆ ದೊಡ್ಡಪ್ಪನೇ ಮುಖ್ಯಸ್ಥರು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು ಬಹಳ ಸಂತೋಷದಿಂದ ಹೇಳಿದರು, "ಜಾಗ ನಿಶ್ಚಯ ಆಯಿತು. ಸ್ಮಶಾನದ ಆ ತುದಿ ಸುಮ್ಮನೆ ಹಾಳು ಬಿದ್ದಿದೆ. ಅಲ್ಲಿ ಯಾರದ್ದೂ ಹೆಸರಿಲ್ಲ, ತಕರಾರು ಮಾಡುವವರೂ ಇಲ್ಲ."

ದೊಡ್ಡಮ್ಮ ಬಡಿಸುತ್ತಿದ್ದ ಸೌಟು ಹಾಗೆಯೇ ನಿಂತಿತು. "ಅಲ್ಲಿ ಬೇಡ," ಎಂದಳು.

"ಎಂತ?"

"ಅಲ್ಲಿ ಬೇಡ ಅಂದೆ. ಆ ಮೂಲೆ ಬಿಟ್ಟು ಕಟ್ಟಿ. ಅಲ್ಲಿ ನನ್ನ ಮಗು ಉಂಟು."

ಆ ಮನೆಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಆದದ್ದು ಆಯಿತು, ಪ್ರಿಸ್ಕಿಲ್ಲಾ. ಹಿಂದಿನದ್ದನ್ನು ಕೆದಕಬಾರದು. ನಕ್ಷೆ ಆಗಿದೆ," ಎಂದರು. ಮಜ್ಜಿಗೆ ಹಾಕಿಸಿಕೊಂಡು ಉಂಡು, ಕೈ ತೊಳೆದು, ಮಲಗಲು ಹೋದರು. ಮಜ್ಜಿಗೆ ಹಾಕಿಸಿಕೊಂಡದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ದೊಡ್ಡಮ್ಮ ಸುಮ್ಮನಾಗಲಿಲ್ಲ. ಮರುದಿನವೇ ನನ್ನನ್ನು ಕರೆದುಕೊಂಡು ಪಾದ್ರಿ ಜಯಶೀಲ ಅಯ್ಯನವರ ಬಂಗ್ಲೆಗೆ ಹೋದಳು. ಅಯ್ಯನವರು ಇನ್ನೂ ಹುಡುಗರು, ಒಳ್ಳೆಯ ಸ್ವರ, ಒಳ್ಳೆಯ ನಗು. ಎಲ್ಲ ಕೇಳಿ, "ನಾನು ಇದಕ್ಕಾಗಿ ಪ್ರಾರ್ಥನೆ ಮಾಡುತ್ತೇನೆ ಅಮ್ಮನವರೇ," ಎಂದರು. ಮಾಡಿದರು ಕೂಡ. ಆ ಪ್ರಾರ್ಥನೆಗೆ ಉತ್ತರ ಏನು ಸಿಕ್ಕಿತೆನ್ನುವುದು ಭಾನುವಾರ ನಮಗೆ ಗೊತ್ತಾಯಿತು. ಆರಾಧನೆಯಲ್ಲಿ ಪ್ರಸಂಗ ಮಾಡಲು ಅವರು ಆರಿಸಿಕೊಂಡದ್ದು ಲೋಟನ ಹೆಂಡತಿಯನ್ನು!

"ಪ್ರಿಯರೇ, ಹಿಂದಕ್ಕೆ ನೋಡುವ ಸಭೆ ಮುಂದಕ್ಕೆ ಹೋಗಲಾರದು," ಎಂದರು ವೇದಿಕೆಯ ಮೇಲಿಂದ. "ಅವಳ ಕಾಲು ಮುಂದಿತ್ತು, ಮನಸ್ಸು ಹಿಂದಿತ್ತು. ನಮ್ಮಲ್ಲಿಯೂ ಯಾರ ಮನಸ್ಸಾದರೂ ಹಳೆಯ ಮಣ್ಣಿಗೆ ಅಂಟಿಕೊಂಡಿದೆಯೇ? ಇಂದೇ ಬಿಡಿಸಿಕೊಳ್ಳಿರಿ."

ಹೆಂಗಸರ ಸಾಲಿನಲ್ಲಿ ತಲೆಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು. ಹಿಂದಕ್ಕೆ ನೋಡಬೇಡಿ ಎನ್ನುವ ಪ್ರಸಂಗ ಕೇಳುತ್ತಲೇ ಹಿಂದಕ್ಕೆ ತಿರುಗಿ ನಮ್ಮನ್ನು ನೋಡಿದರು, ನಾಚಿಕೆಗೆಟ್ಟವರು! ದೊಡ್ಡಮ್ಮ ಕೀರ್ತನೆ ಪುಸ್ತಕ ಮಡಿಲಲ್ಲಿಟ್ಟುಕೊಂಡು ನೇರ ಕುಳಿತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಎದ್ದು ನಿಂತು ಕೂಗಬೇಕೆನ್ನಿಸಿತು ನನಗೆ. ಅವಳು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. ಹೊರಗೆ ಬರುವಾಗ ಮೆಟ್ಟಿಲ ಹತ್ತಿರ ಯಾರೋ "ಉಪ್ಪಿನ ಕಂಬ ಬಂತು" ಎಂದು ಪಿಸುಗುಟ್ಟಿ ನಕ್ಕರು.

ತಳಪಾಯ ತೆಗೆಯುವ ಬೆಳಿಗ್ಗೆ ಸಮಿತಿಯವರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಸೇರಿದ್ದರು. ಮೇಸ್ತ್ರಿ ಗೂಟ ಹೊಡೆದು ನೂಲು ಕಟ್ಟಿದ್ದ. ಅಯ್ಯನವರು ಪ್ರಾರ್ಥನೆಗೆ ಕಣ್ಣು ಮುಚ್ಚುವ ಹೊತ್ತಿಗೆ ದೊಡ್ಡಮ್ಮ ಗೇಟು ತೆಗೆದು ಒಳಗೆ ಬಂದಳು. ಬಿಳಿ ಸೀರೆ, ಕೈಯಲ್ಲಿ ಆ ಹಿತ್ತಾಳೆ ಲೋಟ. ನಾನು ಅವಳ ಹಿಂದೆ. ನೂಲನ್ನು ದಾಟಿ ಪಾಗಾರದ ಹತ್ತಿರ ಹೋಗಿ, ಹುಲ್ಲಿನ ನಡುವೆ ಒಂದು ಕಡೆ ನಿಂತಳು. ಹುಡುಕಲಿಲ್ಲ. ಕತ್ತಲೆಯಲ್ಲಿ ತನ್ನ ಮನೆಯ ನೀರಿನ ಕೊಡ ಎಲ್ಲಿದೆಯೆಂದು ಗೊತ್ತಿರುವವಳ ಹಾಗೆ ನೇರ ಹೋಗಿ ನಿಂತಳು.

"ಇದೆಂತ ನಾಟಕ?" ಎಂದರು ದೊಡ್ಡಪ್ಪ, ಸ್ವರ ತಗ್ಗಿಸಿ. "ನಾಲ್ಕು ಜನರ ಎದುರು ಮರ್ಯಾದೆ ತೆಗೆಯಬೇಡ. ಮನೆಗೆ ನಡೆ."

ಅವಳು ಅವರ ಕಡೆ ನೋಡಲೇ ಇಲ್ಲ. "ಅಯ್ಯನವರೇ, ನಿಮ್ಮ ಪ್ರಸಂಗ ಕೇಳಿದೆ. ಒಂದು ಸಂಶಯ ಉಂಟು."

"ಹೇಳಿ ಅಮ್ಮನವರೇ," ಎಂದರು ಅಯ್ಯನವರು. ಅವರ ಮುಖದಲ್ಲಿ ಆ ನಗು ಇರಲಿಲ್ಲ.

"ಅವಳು ಕಂಬ ಆದ ಮೇಲೆ ಗಂಡ ಎಂತ ಮಾಡಿದ?"

"ಅದು... ಅದನ್ನು ಬರೆದಿಲ್ಲ."

"ಬರೆಯಲಿಕ್ಕೆ ಎಂತ ಉಂಟು? ಓಡಿದ! ಹಿಂದೆ ಬರುತ್ತಿದ್ದ ಹೆಂಡತಿಯ ಹೆಜ್ಜೆಯ ಸದ್ದು ನಿಂತದ್ದು ಅವನ ಕಿವಿಗೆ ಬೀಳಲಿಲ್ಲವಾ? ನಿಂತು, ಏ, ಎಲ್ಲಿದ್ದೀ ಅಂತ ಒಂದು ಸಲ ಕರೆದನಾ? ಅವಳು ತಿರುಗಿ ನೋಡಿದ್ದಕ್ಕೆ ನಿಮಗೆಲ್ಲ ಒಂದು ಪ್ರಸಂಗ ಸಿಕ್ಕಿತು. ಅವನು ತಿರುಗದೆ ಹೋದದ್ದಕ್ಕೆ ಯಾಕೆ ಇಲ್ಲ ಪ್ರಸಂಗ? ಒಬ್ಬಳ ಮನೆ ಸುಡುತ್ತಾ ಉಂಟು, ಅವಳು ಎತ್ತಿ ಆಡಿಸಿದ ಮಕ್ಕಳೆಲ್ಲ ಆ ಊರಿನಲ್ಲಿದ್ದಾರೆ, ಅವಳು ನೋಡದೆ ಮತ್ತೆ ಯಾರು ನೋಡಬೇಕು?"

"ಸಾಕು!" ಎಂದರು ದೊಡ್ಡಪ್ಪ.

ಆಗ ಅವಳು ಅವರ ಕಡೆ ತಿರುಗಿದಳು. ಅಷ್ಟು ವರ್ಷ ಒಳಗೇ ಕುದಿದದ್ದು ಆಗ ಹೊರಗೆ ಬಂತು.

"ಸಾಕಾ? ನನಗೆ ಸಾಕಾಗಿಲ್ಲ. ಕೇಳಿ ಎಲ್ಲರೂ. ಮಗುವಿಗೆ ಜ್ವರ ಏರಿತ್ತು. ಆಗಿನ ಅಯ್ಯನವರನ್ನು ಕರೆಸಿ, ಈಗಲೇ ದೀಕ್ಷಾಸ್ನಾನ ಕೊಡಿಸಿ ಅಂತ ಇವರ ಕಾಲು ಹಿಡಿದೆ. ಹಿರಿಯರ ಮನೆಯ ಮಗು, ಬಿಷಪ್ಪರ ಕೈಯಿಂದಲೇ ಆಗಬೇಕು, ಅವಸರದಲ್ಲಿ ಅಡುಗೆಮನೆಯಲ್ಲಿ ಆಗುವ ಕೆಲಸ ಅಲ್ಲ ಅಂದರು. ಬಿಷಪ್ಪರು ಬಂದರು. ನಾನೇ ಅಡುಗೆ ಮಾಡಿದೆ. ಉಂಡು, ಆಶೀರ್ವಾದ ಮಾಡಿ ಹೋದರು. ಮಗು ಆಗಲೇ ಇಲ್ಲಿತ್ತು, ಈ ಮಣ್ಣಿನಲ್ಲಿ! ಹೆಸರಿಲ್ಲವಂತೆ. ಹೆಸರಿಲ್ಲದ ಹಾಗೆ ಮಾಡಿದ್ದು ಯಾರು? ಹೆಸರಿಲ್ಲದ ಜಾಗ ಅಂತ ಈಗ ಅದರ ಮೇಲೆ ಊಟದ ಎಲೆ ಹಾಕಲಿಕ್ಕೆ ಹೊರಟದ್ದು ಯಾರು?"

ದೊಡ್ಡಮ್ಮ ಲೋಟವನ್ನು ಕವುಚಿ ನನ್ನ ಕಣ್ಣೆದುರು ಹಿಡಿದಳು.

"ದೀಕ್ಷಾಸ್ನಾನಕ್ಕೆಂದು ನಾನು ತಂದದ್ದು. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿದ್ದೆ. ನೀನು ಟೀಚರ್ ಅಲ್ವಾ? ಗಟ್ಟಿಯಾಗಿ ಓದು."

ಲೋಟದ ತಳದಲ್ಲಿ, ಪಾತ್ರೆಗಳಿಗೆ ಹೆಸರು ಕೊರೆಯುತ್ತಾರಲ್ಲ, ಹಾಗೆ ಚುಕ್ಕಿ ಚುಕ್ಕಿಯಾಗಿ ಎರಡು ಅಕ್ಷರ. ಇಷ್ಟು ವರ್ಷ ಅದು ಕಿಟಕಿಯ ದಂಡೆಗೆ ಮುಖ ಮಾಡಿಕೊಂಡು ಕುಳಿತಿತ್ತು.

"ಹನ್ನ," ಎಂದು ಓದಿದೆ.

"ಇನ್ನೂ ಗಟ್ಟಿ!"

"ಹನ್ನ!" ಎಂದು ಕೂಗಿದೆ. ನನ್ನ ಸ್ವರ ಚರ್ಚಿನ ಗೋಡೆಗೆ ಬಡಿದು ತಿರುಗಿ ಬಂತು.

ದೊಡ್ಡಮ್ಮ ಬಗ್ಗಿ, ಲೋಟವನ್ನು ಮಣ್ಣಿಗೆ ಕವುಚಿಟ್ಟು, ಎರಡೂ ಕೈಗಳಿಂದ ಒತ್ತಿದಳು. ತಳ ಮಾತ್ರ ಮೇಲೆ ಕಾಣುತ್ತಿತ್ತು. "ಈಗ ಹೆಸರುಂಟು. ಅಗೆಯುವುದಾದರೆ ಅಗೆಯಿರಿ," ಎಂದು ಅಲ್ಲಿಯೇ ನಿಂತಳು.

"ಬರುತ್ತೀಯಾ ಇಲ್ಲವಾ?" ಎಂದರು ದೊಡ್ಡಪ್ಪ. ಅವಳು ನಿಂತಲ್ಲಿಂದ ಕದಲಲಿಲ್ಲ. ಅವರು ಧೋತಿ ಎತ್ತಿ ಹಿಡಿದು ಗೇಟಿನ ಕಡೆ ನಡೆದರು. ಹಿಂದೆ ಬಂದೇ ಬರುತ್ತಾಳೆ ಎನ್ನುವ ಧೈರ್ಯ ಅವರ ನಡಿಗೆಯಲ್ಲಿತ್ತು. ಗೇಟಿನ ಹತ್ತಿರ ಒಂದು ಕ್ಷಣ ನಿಂತರು. ಈಗಲಾದರೂ ತಿರುಗಿ ನೋಡಿಯಾರು ಎಂದುಕೊಂಡೆ. ಗೇಟು ದಡಾರೆಂದು ಮುಚ್ಚಿತು. ಮೇಸ್ತ್ರಿ ಮೆಲ್ಲಗೆ ಗೂಟಗಳನ್ನು ಕಿತ್ತು ನೂಲು ಸುತ್ತತೊಡಗಿದ.

ಭವನ ಕಟ್ಟಿದರು, ಆದರೆ ಆ ಮೂಲೆ ಬಿಟ್ಟು. ಗೋಡೆ ಅಲ್ಲಿ ಒಳಕ್ಕೆ ಸರಿದು, ಮತ್ತೆ ಹೊರಕ್ಕೆ ಬಂದು ಹೋಗುತ್ತದೆ. ಒಳಗೆ ಊಟಕ್ಕೆ ಕುಳಿತವರು ಇದ್ಯಾಕೆ ಹೀಗೆ ಎಂದು ಕೇಳುತ್ತಾರೆ. ಊರಿನವರು ಅದು ಲೋಟದ ಮೂಲೆ ಎನ್ನುತ್ತಾರೆ. ಮೇಸ್ತ್ರಿ ಯಾರನ್ನೂ ಕೇಳದೆ ಲೋಟದ ಸುತ್ತ ಸ್ವಲ್ಪ ಸಿಮೆಂಟು ಹಾಕಿ ಕೂರಿಸಿದ್ದ. ಕೆಲವು ತಿಂಗಳ ಮೇಲೆ ಅದರ ಪಕ್ಕದಲ್ಲಿ ಒಂದು ಬಟ್ಟಲು ಕಂಡಿತು, ತಳದಲ್ಲಿ ಬೇರೊಂದು ಹೆಸರು. ಆಮೇಲೆ ಕೂಸಿಗೆ ಹಾಲು ಕುಡಿಸುವ ಒಂದು ಒಳಲೆ. ಆ ದಿನ ಮೆಟ್ಟಿಲ ಹತ್ತಿರ ನಕ್ಕವರದ್ದೂ ಅವುಗಳಲ್ಲಿ ಇತ್ತೆಂದು ನನಗೆ ಗೊತ್ತು.

ದೊಡ್ಡಮ್ಮ ದೊಡ್ಡಪ್ಪನ ಹತ್ತಿರ ಮಾತು ಬಿಟ್ಟಳು. ಅನ್ನ ಬಡಿಸುತ್ತಿದ್ದಳು, ಬಿಸಿನೀರು ಕಾಯಿಸುತ್ತಿದ್ದಳು. ಮಾತು ಮಾತ್ರ ಇಲ್ಲ. ಕ್ಷಮಿಸಬೇಕೆಂದು ಅವಳಿಗೆ ಬುದ್ಧಿ ಹೇಳಲು ಬಂದವರಿಗೆ ನಾನೇ ಬಾಗಿಲು ತೋರಿಸಿದ್ದೇನೆ. ನನಗೂ ಸಂಬಂಧಗಳು ಬಂದವು. ಮದುವೆಗೆ ಒಪ್ಪುವ ಮೊದಲು ಹುಡುಗನನ್ನು ಒಂದು ಸಲ ನಡೆಯಲು ಕರೆದುಕೊಂಡು ಹೋಗಿ, ದಾರಿಯ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದೆ. ನಾನು ಬರುತ್ತಿಲ್ಲವೆಂದು ತಿಳಿದು ತಿರುಗಿ ನೋಡಿದವನನ್ನೇ ಕಟ್ಟಿಕೊಂಡೆ. ಎಷ್ಟೋ ಪ್ರಸಂಗ ಕೇಳಿದ್ದೇನೆ. ಬದುಕಿನಲ್ಲಿ ಕೆಲಸಕ್ಕೆ ಬಂದ ಪಾಠ ನನಗೆ ಇದೊಂದೇ.

ಎಷ್ಟೋ ವರ್ಷಗಳ ಮೇಲೆ ಒಂದು ಈಸ್ಟರಿನ ಹಿಂದಿನ ದಿನ ತವರಿಗೆ ಹೋಗಿದ್ದೆ. ಸಂಜೆ ದೊಡ್ಡಮ್ಮನೂ ನಾನೂ ಹೂವಿನ ಬುಟ್ಟಿ ಹಿಡಿದು ಸ್ಮಶಾನಕ್ಕೆ ಬಂದೆವು. ಮೂಲೆಯಲ್ಲಿ ಯಾರೋ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ದೊಡ್ಡಪ್ಪ. ಬಾಳೆಲೆಯ ತುಂಡಿನಲ್ಲಿ ಹುಣಸೆಹುಳಿ, ಮುಷ್ಟಿಯಲ್ಲಿ ಉಪ್ಪು. ಮಳೆಗೆ ಕಪ್ಪಾಗಿದ್ದ ಲೋಟದ ತಳವನ್ನು ತಿಕ್ಕುತ್ತಿದ್ದರು. ಅವರ ಕಣ್ಣು ಆಗಲೇ ಮಂಜಾಗಿತ್ತು.

"ಯಾರದು?" ಎಂದರು.

"ನಾನು, ದೊಡ್ಡಪ್ಪ."

"ಹೆಸರು ಕಾಣ್ತದಾ ನೋಡು ಮಗಾ. ನನಗೆ ಕಾಣುವುದಿಲ್ಲ."

"ಕಾಣ್ತದೆ. ನೀವೇ ಓದಿ. ಬೆರಳಿಗೆ ಸಿಗ್ತದೆ," ಎಂದೆ. ನನ್ನ ಸ್ವರ ಮೆತ್ತಗಿರಲಿಲ್ಲ.

ಅವರು ಬೆರಳಿನಿಂದ ಚುಕ್ಕಿಗಳನ್ನು ಸವರಿದರು. ತುಟಿ ಅಲುಗಿತು, ಸ್ವರ ಬರಲಿಲ್ಲ. ಮತ್ತೆ ಸವರಿದರು. ಆಮೇಲೆ ತಲೆಯೆತ್ತಿ, ನನ್ನ ಪಕ್ಕದಲ್ಲಿ ಯಾರಿದ್ದಾರೆಂದು ಉಸಿರಿನಿಂದಲೇ ಗೊತ್ತಾದವರ ಹಾಗೆ, "ಪ್ರಿಸ್ಕಿಲ್ಲಾ," ಎಂದು ಕರೆದರು.

ದೊಡ್ಡಮ್ಮ ಬಗ್ಗಿ ಲೋಟದ ಸುತ್ತ ಹೂ ಇಟ್ಟಳು. ಸೆರಗು ಸರಿಮಾಡಿಕೊಂಡು, ತಿರುಗಿ, ಗೇಟಿನ ಕಡೆ ನಡೆದಳು.

"ಪ್ರಿಸ್ಕಿಲ್ಲಾ," ಎಂದು ಅವರು ಎದ್ದು ನಿಂತು ಮತ್ತೊಮ್ಮೆ ಕರೆದರು.

ಅವಳು ಹಿಂದಕ್ಕೆ ನೋಡಲಿಲ್ಲ. ನಾನು ನೋಡಿದೆ. ಅವರು ನಿಂತಲ್ಲಿಯೇ ನಿಂತಿದ್ದರು, ನಾವು ಹೋದ ದಿಕ್ಕಿಗೆ ಮುಖ ಮಾಡಿ, ಮುಷ್ಟಿಯಿಂದ ಉಪ್ಪು ಸಣ್ಣಗೆ ಸೋರುತ್ತಿತ್ತು.