ಕೆಳಗೆ ಎರಡು ಚುಕ್ಕಿ

"ತೀರಿಕೊಂಡೋರ ಪೂರ್ತಿ ಹೆಸರು ಹೇಳಿ, ದಾಖಲೆಯಲ್ಲಿರೋದು," ಎಂದು ಸ್ಮಶಾನದ ಗುಮಾಸ್ತ ಮತ್ತೆ ಕೇಳಿದಾಗ ಮಗಳು ಕೈಚೀಲದೊಳಗೆ ಪೆನ್ನು ತಡಕುತ್ತಿದ್ದಳು.

"ಎಲ್ಲರಿಗೂ ಅವನು ಬೋರ್ಡಣ್ಣ," ಎಂದ ಚಿಕ್ಕಪ್ಪ. "ಬೀದೀಲಿರೋ ಅಂಗಡಿಗಳ ಹೆಸರೆಲ್ಲ ಅವನೇ ಬರೆದಿದ್ದು. ಅವನ ಹೆಸರು ಮಾತ್ರ ಅಲ್ಲಿ ಯಾರಿಗೂ ಗೊತ್ತಿಲ್ಲ ನೋಡಿ."

"ನಂಗೊತ್ತು," ಎಂದರು ಮನೆ ಮಾಲೀಕರು, ಕನ್ನಡಕ ಏರಿಸಿಕೊಳ್ಳುತ್ತಾ. "ಬಾಡಿಗೆ ಕರಾರಿಗೆ ಹೋದ ತಿಂಗಳು ಸಹಿ ಹಾಕಿ ಕಳಿಸಿದ್ರಲ್ಲ. ಅಬ್ಬಾ, ಏನು ಸಹಿ! ಹಾಸಿಗೆ ಹಿಡಿದೋರ ಕೈ ಅಂತ ಯಾರೂ ಹೇಳಲ್ಲ."

ಮಗಳು ಕೈಚೀಲದ ಮೇಲೆ ಇನ್ನಷ್ಟು ಬಾಗಿದಳು.

"ಹೋದ ತಿಂಗಳಾ?" ಚಿಕ್ಕಪ್ಪ ಹುಬ್ಬು ಗಂಟಿಕ್ಕಿದ. "ಆಗ ಅಣ್ಣಂಗೆ ಲೋಟ ಹಿಡಿಯೋಕೂ ಆಗ್ತಿರಲಿಲ್ಲ."

*

ಅಪ್ಪನ ಕೈ ನಡುಗತೊಡಗಿದ ಹೊಸತರಲ್ಲಿ ಬ್ಯಾಂಕಿನವರು ಅರ್ಜಿ ವಾಪಸು ಕಳಿಸಿದ್ದರು. ಸಹಿ ತಾಳೆಯಾಗುತ್ತಿಲ್ಲವಂತೆ. ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ಮಗಳು ಹೇಳಿದ್ದಕ್ಕೆ ಅಪ್ಪನ ಮುಖ ಕಪ್ಪಿಟ್ಟಿತ್ತು.

"ಅಕ್ಷರ ಬರೆದು ಅನ್ನ ತಿಂದೋನು ನಾನು. ಹೆಬ್ಬೆಟ್ಟು ಅನ್ನಿಸ್ಕೊಂಡು ಸಾಯ್ಲಾ?"

ಒಣಗಿದ ಕುಂಚಗಳ ಡಬ್ಬಿಯ ಪಕ್ಕ ಕೂರಿಸಿಕೊಂಡು ತನ್ನ ಸಹಿಯನ್ನು ತಾನೇ ಕಲಿಸಿದ. ಕೊನೆಯ ಅಕ್ಷರದ ಬಾಲವನ್ನು ಎಡಕ್ಕೆ ಎಳೆದು, ಕುಂಚ ಎತ್ತಿದಂತೆ ಪೆನ್ನನ್ನು ಥಟ್ಟನೆ ಎತ್ತಬೇಕು. ಕೆಳಗೆ ಎರಡು ಚುಕ್ಕಿ.

"ನೋಡ್ಕೊಂಡು ಬರೀಬೇಡ ಮಗಳೇ. ನೋಡ್ಕೊಂಡು ಬರೆದಿದ್ದು ಸಿಕ್ಕಿಬೀಳುತ್ತೆ."

"ಯಾರಿಗಾದ್ರೂ ಗೊತ್ತಾದ್ರೆ ಜೈಲೇ ಗತಿ ಅಪ್ಪ."

"ನಾನಿರೋವರೆಗೆ ಅದು ನನ್ನ ಸಹೀನೇ. ಯಾರು ಕೇಳಿದ್ರೂ ನಾನೇ ಹೇಳ್ತೀನಿ."

ಅಂದಿನಿಂದ ಸಹಿ ಹಾಕುವಾಗಲೆಲ್ಲ ಅವಳು ಬಾಗಿಲ ಚಿಲಕ ಹಾಕುತ್ತಿದ್ದಳು. ಗೇಟು ಕಿರುಗುಟ್ಟಿದರೆ ಕಾಗದ ದಿಂಬಿನಡಿ ಸೇರುತ್ತಿತ್ತು.

*

"ಕರಾರು ಮನೇಲೇ ಇದೆ," ಎಂದರು ಮಾಲೀಕರು ಚಿಕ್ಕಪ್ಪನಿಗೆ. "ಬೇಕಾದ್ರೆ ಸಂಜೆ ತಂದು ತೋರಿಸ್ತೀನಿ."

ಅದು ಮೆಚ್ಚುಗೆಯೋ ಅನುಮಾನವೋ ಅವಳಿಗೆ ತಿಳಿಯಲಿಲ್ಲ. ನಾನೇ ಹೇಳ್ತೀನಿ ಎಂದವನು ಹೊರಗೆ ವಾಹನದಲ್ಲಿ ಮಲಗಿದ್ದ.

ಅವಳು ಅಪ್ಪನ ಪೂರ್ತಿ ಹೆಸರು ಹೇಳಿದಳು. ಗುಮಾಸ್ತ ಬರೆದುಕೊಂಡು ಕಾಗದವನ್ನು ಅವಳತ್ತ ತಿರುಗಿಸಿದ. "ಕೆಳಗೆ ನಿಮ್ಮ ಸಹಿ ಹಾಕಿ. ಸ್ವಲ್ಪ ಬೇಗಮ್ಮ, ಹಿಂದೆ ಇನ್ನೊಂದು ಗಾಡಿ ನಿಂತಿದೆ."

ಕೈಗೆ ಸಿಕ್ಕಿದ್ದು ಅಪ್ಪನ ಶಾಯಿ ಪೆನ್ನು. ಅವಳ ಕಣ್ಣು ಮಾಲೀಕರ ಕನ್ನಡಕದ ಮೇಲೇ ಇತ್ತು. ಕೈ ತನ್ನಷ್ಟಕ್ಕೆ ಬರೆಯಿತು. ನೋಡದೆ ಬರೆಯುವುದನ್ನೇ ಅದು ಕಲಿತಿದ್ದು. ಬಾಲ ಎಡಕ್ಕೆ ಹರಿದು, ಪೆನ್ನು ಥಟ್ಟನೆ ಮೇಲೆದ್ದು, ಕೆಳಗೆ ಚುಕ್ಕಿಗಳನ್ನು ಇಟ್ಟ ಮೇಲೆಯೇ ಅವಳು ಕಾಗದ ನೋಡಿದ್ದು.

ಅಪ್ಪ ತನ್ನ ಸಾವಿನ ಕಾಗದಕ್ಕೆ ತಾನೇ ಸಹಿ ಹಾಕಿದ್ದ.

"ಆಯ್ತೇನಮ್ಮ?" ಮಾಲೀಕರು ಮುಂದಕ್ಕೆ ಬಾಗಿದರು.

ಅವಳು ಹಸಿ ಶಾಯಿಯ ಮೇಲೆ ಹೆಬ್ಬೆರಳಿಟ್ಟು ಅದುಮಿ ಹಿಡಿದಳು.

"ಸಹಿ ಮಾಡೋಕೆ ಬರಲ್ವಾ?" ಎನ್ನುತ್ತಾ ಗುಮಾಸ್ತ ಕಾಗದವನ್ನು ಮೆಲ್ಲಗೆ ಎಳೆದುಕೊಂಡ.

ಅಕ್ಷರಗಳು ಕಲಸಿಹೋದ ಜಾಗದಲ್ಲಿ, ಸುಳಿಸುಳಿಯಾಗಿ, ಒಂದು ಹೆಬ್ಬೆಟ್ಟು ಮೂಡಿತ್ತು. ಅದರ ಕೆಳಗೆ ಎರಡು ಚುಕ್ಕಿ ಮಾತ್ರ ಹಾಗೇ ಉಳಿದಿದ್ದವು.