ಬುಗುರಿಕಾಲಿನ ಬೀರು

ಇನ್ನೂ ಸ್ವಲ್ಪ ಎತ್ತು, ಸ್ವಲ್ಪ, ಅಷ್ಟೇ, ಎನ್ನುತ್ತಿದೆ ಬೀರುವಿನ ಆಚೆಯಿಂದ ಗಂಡನ ದನಿ, ಎತ್ತುವುದಕ್ಕೆ ಇನ್ನೇನು ಉಳಿದಿದೆ, ಮೊಣಕೈ ಆಗಲೇ ಕಿವಿಯ ಹತ್ತಿರ ಬಂದಿದೆ, ಬೆರಳ ತುದಿಗಳು ಬಿಳಿಚಿಕೊಂಡು ಬೇರೆ ಯಾರದೋ ಬೆರಳುಗಳ ಹಾಗೆ ಕಾಣುತ್ತಿವೆ, ಹಳೆಯ ಪಾಲಿಶಿನ ವಾಸನೆ, ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಅತ್ತೆಯ ಸೀರೆಗಳ ವಾಸನೆ, ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ಮರಕ್ಕೆ ಮಾತ್ರ ಸುದ್ದಿ ಮುಟ್ಟಿಲ್ಲ — ಮತ್ತೆ ಟಕ್ಕೆಂದು ಅದೇ ಸದ್ದು, ಅದೇ ಜಾಗದಲ್ಲಿ, ಬೀರುವಿನ ಕಾಲು ಬಾಗಿಲ ಚೌಕಟ್ಟಿಗೆ ಕಚ್ಚಿಕೊಳ್ಳುವ ಸದ್ದು. ಬಲಕ್ಕೆ ಅಮ್ಮಾ, ಬಲಕ್ಕೆ, ಎನ್ನುತ್ತಾನೆ ಪೈಲ್ವಾನ, ಸಾಮಾನು ಸಾಗಿಸುವ ಗಾಡಿಯವನು, ಕಡ್ಡಿಯಂಥ ಆಳಿಗೆ ಪೈಲ್ವಾನ ಎಂದು ಯಾವ ಪುಣ್ಯಾತ್ಮ ಕರೆದನೋ, ಬಲಕ್ಕೆ ಅಂದರೆ ಯಾರ ಬಲಕ್ಕೆ, ಅವನು ಪ್ಯಾಸೇಜಿನಲ್ಲಿ, ಇವಳು ರೂಮಿನೊಳಗೆ, ಅವನ ಬಲ ಇವಳ ಎಡ, ನಡುವೆ ಅಡ್ಡ ಮಲಗಿದ ಆನೆಯಂಥ ಬೀರು. ಅವನ ಜೊತೆಗಾರ ಸೊಂಟ ಹಿಡಿದುಕೊಂಡು ಕೆಳಗೆ ಗಾಡಿಯಲ್ಲಿ ಕೂತುಬಿಟ್ಟಿದ್ದಾನೆ, ಅದಕ್ಕೇ ಇವಳನ್ನು ಕರೆದದ್ದು, ಅತ್ತಿಗೆ, ನೀವು ಒಳಗಡೆ ನಿಂತು ಸುಮ್ನೆ ಕಾಲಿನ ಕಡೆ ಹಿಡ್ಕೊಳ್ಳಿ ಸಾಕು, ಎಂದಿದ್ದಳು ನಾದಿನಿ, ಸುಮ್ಮನೆ ಎಂದು ಶುರುವಾದ ಯಾವ ಕೆಲಸ ಈ ಮನೆಯಲ್ಲಿ ಸುಮ್ಮನೆ ಮುಗಿದಿದೆ. ನಾದಿನಿಯನ್ನು ಅಂದು ಏನು ಪ್ರಯೋಜನ, ಪಾಪ, ಅವಳ ಹೊಸ ಮನೆ ಎಂದರೆ ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅಮ್ಮನ ಬೀರು ಬೀದಿಗೆ ಹಾಕಕ್ಕಾಗುತ್ತೇನೋ ಅಣ್ಣಾ ಎಂದು ಫೋನಿನಲ್ಲಿ ಅತ್ತಿದ್ದಾಳೆ, ಅಣ್ಣ ಒಂದು ಕ್ಷಣವೂ ಯೋಚಿಸದೆ, ಹಿಂದಿನ ರೂಮಿದೆಯಲ್ಲೇ, ಖಾಲಿ ಬಿದ್ದಿದೆ, ಸದ್ಯಕ್ಕೆ ಅಲ್ಲಿಡೋಣ ಎಂದಿದ್ದಾನೆ, ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದ ಇವಳ ಕೈಯಲ್ಲಿ ಅವನದೇ ಬನಿಯನ್ ಹಾಗೇ ನಿಂತುಹೋಗಿತ್ತು. ಖಾಲಿ ಬಿದ್ದಿದೆ.

ಇಳಿಸ್ರೀ, ಇಳಿಸ್ರೀ, ಸ್ವಲ್ಪ ಉಸಿರು ತಗೊಳ್ಳೋಣ, ಎಂದ ಪೈಲ್ವಾನ, ಬೀರು ಅರ್ಧ ಒಳಗೆ ಅರ್ಧ ಹೊರಗೆ ಬಾಗಿಲಿಗೆ ಬೆಣೆ ಬಡಿದ ಹಾಗೆ ಕೂತಿತು, ಮೇಲ್ಗಡೆ ಒಂದು ಸಂದು, ಅದರಲ್ಲಿ ನಾದಿನಿಯ ಹಣೆ ಮಾತ್ರ ಕಾಣುತ್ತದೆ, ಅಯ್ಯೋ ಅಣ್ಣಾ, ಅತ್ತಿಗೇನ ಒಳಗೇ ಪ್ಯಾಕ್ ಮಾಡಿಬಿಟ್ಯಲ್ಲೋ, ಎಂದು ನಗುತ್ತದೆ ಹಣೆ, ನಗಬೇಡ್ವೇ, ಟೀ ಮಾಡೋರೇ ಒಳಗಾದ್ರು, ಈಗ ನಮ್ಮ ಮೂವರಿಗೂ ಗತಿ ಯಾರು, ಎನ್ನುತ್ತಾನೆ ಗಂಡ, ನಿನಗೆ ನೀರು ಕಾಯಿಸಕ್ಕೂ ಬರಲ್ವೇನೋ, ಬಾ, ನಾನು ಮಾಡ್ತೀನಿ, ಸಕ್ಕರೆ ಡಬ್ಬ ಎಲ್ಲಿ ಅಂತಾದ್ರೂ ಗೊತ್ತಾ, ಅದು ನಿಮ್ಮತ್ತಿಗೆ ಇಲಾಖೆ, ಎಂದುಕೊಳ್ಳುತ್ತ ಚಪ್ಪಲಿಗಳ ಸದ್ದು ದೂರವಾಯಿತು, ಆಮೇಲೆ ಪಾತ್ರೆ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಏನೂ ಇಲ್ಲ — ಎಷ್ಟು ದಿನವಾಯಿತು ಹೀಗೆ ಏನೂ ಇಲ್ಲದೆ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಗೆ ಹೋಗಿ ಕೂರುತ್ತಾಳೆ, ಕೂರುವುದಲ್ಲ, ಬೀಳುತ್ತಾಳೆ, ಅಂಗೈಯಲ್ಲಿ ಕೆಂಪು ಗೆರೆ, ಭುಜದಲ್ಲಿ ಉರಿ, ಕುರ್ಚಿಗೆ ಮಾತ್ರ ಇವಳ ಬೆನ್ನಿನ ಗುರುತು ಚೆನ್ನಾಗಿ ಗೊತ್ತು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಈ ರೂಮಿಗೆ ಸದ್ಯಕ್ಕೆ ಎಂದು ಗಂಡನ ವ್ಯಾಯಾಮದ ಸೈಕಲ್ ಬಂತು, ಸದ್ಯಕ್ಕೆ ಎಂದು ಅವನ ಗೆಳೆಯನ ಪುಸ್ತಕದ ಪೆಟ್ಟಿಗೆಗಳು ಬಂದವು, ಕೆಟ್ಟ ಮಿಕ್ಸಿ, ಒಂಟಿ ಹಾಸಿಗೆ, ಒಂದೊಂದನ್ನೂ ಯಾರಿಗೂ ನೋವಾಗದ ಹಾಗೆ, ಯಾರಿಗೂ ಗೊತ್ತೂ ಆಗದ ಹಾಗೆ ದಾಟಿಸಲು ಇವಳಿಗೆ ಒಂದು ವರ್ಷ ಹಿಡಿಯಿತು, ಕೊನೆಗೆ ಉಳಿದದ್ದು ಕುರ್ಚಿ, ಕಿಟಕಿ, ಗೋಡೆ. ಬಾಗಿಲು ಹಾಕ್ಕೊಂಡು ಒಳಗೆ ಏನ್ ಮಾಡ್ತೀಯ, ಕೇಳಿದ್ದ ಒಮ್ಮೆ, ಏನೂ ಇಲ್ಲ, ಏನೂ ಇಲ್ಲ ಅಂದ್ರೆ, ಏನೂ ಇಲ್ಲ ಅಂದ್ರೆ ಏನೂ ಇಲ್ಲ, ಅವನು ಪೇಪರಿನ ಮೇಲಿಂದ ನೋಡಿದ್ದ, ಜ್ವರ ಇದೆಯಾ ಎಂದು ನೋಡುವ ಹಾಗೆ. ಹಾಡುತ್ತೇನೆ ಎಂದಿದ್ದರೆ, ಹೊಲಿಯುತ್ತೇನೆ ಎಂದಿದ್ದರೆ ರೂಮು ಇವಳದಾಗುತ್ತಿತ್ತು, ಸುಮ್ಮನೆ ಕೂರುವುದಕ್ಕೆ ಒಂದು ರೂಮು ಬೇಕು ಎಂದು ಯಾವ ಬಾಯಲ್ಲಿ ಕೇಳುವುದು. ಬೆಳಗಿನಿಂದ ಶಿಶುವಿಹಾರದಲ್ಲಿ ಮಿಸ್ ಮೂಗು, ಮಿಸ್ ಚಡ್ಡಿ, ಮಿಸ್ ಇವನು ಕಚ್ಚಿದ, ಒಂದು ಮಗು ಸೆರಗು ಎಳೆಯುವಾಗ ಇನ್ನೊಂದು ಜಡೆ ಎಳೆಯುತ್ತದೆ, ಮುದ್ದೇನೋ ಹೌದು, ಸಂಜೆಯ ಹೊತ್ತಿಗೆ ಮೈಯೆಲ್ಲ ಯಾರೋ ಮುಟ್ಟಿ ಮುಟ್ಟಿ ಸವೆಸಿದ ಹಾಗೆ, ಮನೆಗೆ ಬಂದರೆ ಟಿವಿ, ಟಿವಿಯ ಎದುರು ಗಂಡನ ಆರಾಮಕುರ್ಚಿ, ಕಾಲು ಚಾಚಿದರೆ ಹಾಲ್‌ನ ಅರ್ಧ ಜಾಗ ಅವನದೇ, ಟವಲ್ ಎಲ್ಲೇ — ಅದನ್ನೆಲ್ಲ ದಾಟಿ ಇಲ್ಲಿಗೆ ಬಂದು ಚಿಲಕ ಹಾಕಿ ಅರ್ಧ ಗಂಟೆ, ಎದುರು ಮನೆಯ ತಾರಸಿಯಲ್ಲಿ ಬೆಳಕು ಹಳದಿಯಿಂದ ಬೂದಿಯಾಗುವ ತನಕ, ಅಷ್ಟೇ, ಆಮೇಲೆ ಎದ್ದು ಅನ್ನಕ್ಕಿಡುತ್ತಾಳೆ, ಆ ಅರ್ಧ ಗಂಟೆ ಇಲ್ಲದಿದ್ದರೆ ಎಂದೋ ಯಾರ ಮೇಲೋ ಕಿರುಚಿಬಿಡುತ್ತಿದ್ದಳು. ಬೀರು ಒಳಗೆ ಬಂದರೆ ನಿಲ್ಲುವುದು ಕಿಟಕಿಯ ಗೋಡೆಗೇ, ಬೇರೆ ಗೋಡೆಗೆ ಹಿಡಿಸುವುದಿಲ್ಲ, ನಿನ್ನೆಯೇ ಗಂಡ ಟೇಪು ಹಿಡಿದು ಅಳೆದ, ಕಿಟಕಿ ಅರ್ಧ ಮುಚ್ಚುತ್ತೆ ಅಷ್ಟೇ, ಬೆಳಕಿಗೇನು, ಲೈಟಿದೆಯಲ್ಲ, ಕುರ್ಚಿ ಬೇಕಾದ್ರೆ ಬಾಲ್ಕನಿಗೆ ಹಾಕು. ಬಾಲ್ಕನಿಯಲ್ಲಿ ವಾಷಿಂಗ್ ಮಷೀನಿದೆ.

ಕಣ್ಣು ಹಾಗೇ ಜಾರಿ ಕೆಳಗೆ ಬರುತ್ತದೆ, ಮೊಣಕಾಲಿನ ಎತ್ತರದಲ್ಲಿ ಚೌಕಟ್ಟಿನ ಒಳಮೂಲೆಗೆ ಒತ್ತಿಕೊಂಡು ನಿಂತಿದೆ ಬೀರುವಿನ ಕಾಲು, ದುಂಡಗೆ, ಹೊಟ್ಟೆ ಉಬ್ಬಿಸಿಕೊಂಡು, ತುದಿ ಚೂಪಾಗಿ, ಥೇಟ್ ಬುಗುರಿ — ಬುಗುರಿ ಅಲ್ಲೇನಮ್ಮಾ, ನೋಡು, ಎಂದಿದ್ದರು ಮಾವ. ಮದುವೆಯಾಗಿ ಬಂದ ಹೊಸತು, ನಾದಿನಿಯ ಮನೆಗೆ ಈ ಬೀರು ಹೊರಟ ದಿನ, ಅತ್ತೆ ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾರೆ, ಗಂಡ ಗಾಡಿ ಕರೆಯಲು ಹೋಗಿದ್ದಾನೆ, ಮಾವ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕಾಲಿನ ಹೊಟ್ಟೆಗೆ ಅಂಗೈ ಕೊಟ್ಟು ತಿರುಗಿಸಿದರು, ಕಿರ್ರ್ ಎಂದಿತು, ಮರದೊಳಗಿಂದ ಮರದ್ದೇ ತಿರುಪು ಹೊರಬಂತು, ಸೆರಗು ಹಿಡಿ, ಎಂದು ಒಂದೊಂದೇ ಬಿಚ್ಚಿ ಇವಳ ಸೆರಗಿಗೆ ಹಾಕಿದರು, ಇದು ಬಿಚ್ಚದೆ ಒಳರೂಮಿನ ಬಾಗಿಲು ಯಾವುದೂ ದಾಟಲ್ಲಮ್ಮಾ ಇವನು, ಹಟಮಾರಿ, ನಮ್ಮನೆಯವರೆಲ್ಲರ ಹಾಗೆ, ನಕ್ಕರು, ಈ ಮನೆಯಲ್ಲಿ ಇವಳನ್ನು ಮೊದಲು ನಗಿಸಿದ್ದು ಅವರೇ, ಗಾಡಿಯಲ್ಲಿ ದಾರಿಯುದ್ದಕ್ಕೂ ಇವಳು ಮೊಟ್ಟೆ ಹಿಡಿದ ಹಾಗೆ ಆ ಕಾಲುಗಳನ್ನು ಹಿಡಿದು ಕೂತಿದ್ದಳು, ಅಲ್ಲಿ ಯಾರೂ ನೋಡದ ಹೊತ್ತಿನಲ್ಲಿ ಮಾವನೇ ಮತ್ತೆ ತಿರುಗಿಸಿ ಕೂರಿಸಿದರು. ಮಾವ ಹೋದರು, ಕಾಲಿಗೆ ತಿರುಪಿದೆ ಎಂದು ಈಗ ಇವಳ ಹೊರತು ಯಾರಿಗೂ ಗೊತ್ತಿಲ್ಲ, ಗಂಡನಂತೂ ಬೆಳಗಿನಿಂದ ಪೈಲ್ವಾನನಿಗೆ, ಅಪ್ಪ ಮಾಡಿಸಿದ್ದು ಕಣಪ್ಪಾ, ಒಂದೇ ಮರ, ಒಂದು ಜೋಡಣೆ ಇಲ್ಲ, ಎಂದು ಬೀಗುತ್ತಿದ್ದಾನೆ.

ಚಪ್ಪಲಿಗಳ ಸದ್ದು ಮರಳಿ ಬಂತು. ಸಂದಿನಿಂದ ಒಂದು ಕೈ ಲೋಟ ಚಾಚುತ್ತದೆ, ತಗೊಳ್ಳಿ ಅತ್ತಿಗೆ, ಸಕ್ಕರೆ ಸಿಗಲಿಲ್ಲ, ಹಾಗೇ ಕುಡೀರಿ, ನೀವಿಲ್ಲದೆ ಈ ಮನೇಲಿ ಒಂದು ಚಮಚಾನೂ ಸಿಗಲ್ಲ, ಎಂದಿತು ಹಣೆ. ಚೌಕಟ್ಟು ಕುಯ್ಯೋದಾ, ಎನ್ನುತ್ತಿದ್ದಾನೆ ಪೈಲ್ವಾನ, ಬಾಡಿಗೆ ಮನೆ ಕಣಯ್ಯಾ, ಓನರು ನನ್ನನ್ನೇ ಕುಯ್ತಾನೆ, ಎನ್ನುತ್ತಾನೆ ಗಂಡ, ಹಾಗಾದ್ರೆ ವಾಪಸ್ ಹಾಲಿಗೇ ಎಳೀಬೇಕು ಸಾರ್, ಹಾಲಲ್ಲಿ ಎಲ್ಲಯ್ಯಾ ಜಾಗ, ಅಗೋ, ಆ ಕಾಲು ಚಾಚೋ ಕುರ್ಚಿ ತೆಗೆದ್ರೆ ಆಯ್ತಲ್ಲ, ಎನ್ನುತ್ತಾನೆ ಪೈಲ್ವಾನ, ಆರಾಮಕುರ್ಚಿಗೇ ಬಂತಲ್ಲೋ ಅಣ್ಣಾ, ಎಂದು ನಾದಿನಿ ಕಿಸಕ್ಕೆಂದಳು. ಅಮ್ಮಾ, ಪೈಲ್ವಾನ ಸಂದಿಗೆ ಬಾಯಿಟ್ಟು ಕೂಗುತ್ತಾನೆ, ಕಾಲು ನಿಮ್ ಕಡೇನೇ ಇದೆ, ಬಿಚ್ಚಕ್ಕೆ ಬರುತ್ತಾ ಸ್ವಲ್ಪ ನೋಡಿ, ಹಳೇ ಸಾಮಾನಲ್ಲಿ ಒಂದೊಂದ್ಸಲ ಬರುತ್ತೆ. ಇವಳು ಲೋಟ ಕಿಟಕಿಯ ಮೇಲಿಟ್ಟಳು. ತಾರಸಿಯ ಮೇಲೆ ಬೆಳಕು ಇನ್ನೂ ಹಳದಿಯಾಗಿಯೇ ಇದೆ. ಕೆಳಗೆ ಕುಕ್ಕರಗಾಲಲ್ಲಿ ಕೂತಳು, ಮಂಡಿ ಕಟಕ್ಕೆಂದಿತು, ಕಾಲಿನ ಹೊಟ್ಟೆಗೆ ಅಂಗೈ ಕೊಟ್ಟಳು, ತಣ್ಣಗಿದೆ, ತಿರುಗಿಸಿದಳು, ಕಿರ್ರ್ — ಅಷ್ಟು ಸಲೀಸಾಗಿ, ಇಷ್ಟು ವರ್ಷ ಇವಳಿಗೇ ಕಾದಿತ್ತೇನೋ ಎನ್ನುವ ಹಾಗೆ, ತಿರುಪಿನ ಮೊದಲ ಎಳೆ ಹೊರಗೆ ಇಣುಕಿತು, ಹಸಿ ಮರದ ಬಣ್ಣ, ಮಾವನ ಅಂಗೈ, ಸೆರಗು ಹಿಡಿ, ಎಷ್ಟು ಹಿಡಿದಳು ಸೆರಗು, ಯಾರು ಯಾರದಕ್ಕೆಲ್ಲ ಹಿಡಿದಳು. ಏನಾಯ್ತೇ, ಬರುತ್ತಾ, ಎನ್ನುತ್ತಿದೆ ಗಂಡನ ದನಿ, ಆಸೆಯಿಂದ. ಇವಳು ಕಾಲನ್ನು ಹಿಂದಕ್ಕೆ ತಿರುಗಿಸಿದಳು, ಎಳೆ ಒಳಗೆ ಹೋಯಿತು, ಇನ್ನೊಂದು ಸುತ್ತು ಬಿಗಿದಳು, ಇನ್ನೂ ಅರ್ಧ ಸುತ್ತು, ಅಂಗೈ ಉರಿಯುವ ತನಕ. ಇಲ್ಲ ರೀ, ಒಂದೇ ಮರ, ಎಂದಳು, ಕೈ ತೆಗೆಯಲಿಲ್ಲ, ಆಚೆ ಯಾರೋ ನಿಟ್ಟುಸಿರು ಬಿಟ್ಟರು, ಯಾರೋ ಹಾಲಿಗೇ ಎಳೀರಿ ಎಂದರು, ಇವಳ ಅಂಗೈಯೊಳಗೆ ಬುಗುರಿ, ದುಂಡಗೆ, ಬಿಗಿಯಾಗಿ, ತಿರುಗದೆ.